ಮೊದಲು ಯಾವುದು, ಆಮೇಲೆ ಯಾವುದು?

ಹಲ್ಲುಜ್ಜುವುದು ನಮಗೆ ಒಂದು ಕೆಲಸ. ಬೆಳವಣಿಗೆಯಲ್ಲಿ ಹಿಂದುಳಿದ ಮಗುವಿಗೆ ಅದು ಎಂಟು ಹತ್ತು ಕೆಲಸ. ಬ್ರಷ್ ತೆಗೆಯಬೇಕು, ಪೇಸ್ಟಿನ ಮುಚ್ಚಳ ತಿರುಗಿಸಬೇಕು, ಹಚ್ಚಬೇಕು, ಉಜ್ಜಬೇಕು, ಉಗುಳಬೇಕು, ಬಾಯಿ ಮುಕ್ಕಳಿಸಬೇಕು. ಯಾವುದರ ನಂತರ ಯಾವುದು ಎಂದು ತಿಳಿದು ನಡೆಯುವುದೇ ಅನುಕ್ರಮ ಕೌಶಲ. ಅಂಗಿ ತೊಡುವುದಕ್ಕೂ ಕಥೆ ಹೇಳುವುದಕ್ಕೂ ಇದೇ ಅಡಿಪಾಯ.

ಇದನ್ನು ನಾವು ಚಿತ್ರಗಳಿಂದ ಕಲಿಸುತ್ತೇವೆ. ಆಡಿದ ಮಾತು ಹಾರಿಹೋಗುತ್ತದೆ, ಚಿತ್ರ ಕಣ್ಣ ಮುಂದೆಯೇ ಇರುತ್ತದೆ. 1970ರ ದಶಕದಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಎರಿಕ್ ಶಾಪ್ಲರ್ ಮತ್ತು ಸಂಗಡಿಗರು ಆಟಿಸಂ ಇರುವ ಮಕ್ಕಳಿಗಾಗಿ ಬೆಳೆಸಿದ ‘ಟೀಚ್’ ಪದ್ಧತಿಯಲ್ಲೂ ಚಿತ್ರಗಳ ಸಾಲಿಗೆ ಮುಖ್ಯ ಸ್ಥಾನವಿದೆ. 2010ರಲ್ಲಿ ಐಪ್ಯಾಡ್ ಬಂದ ಮೇಲೆ ಆ ಕಾರ್ಡುಗಳೇ ಪರದೆಯ ಮೇಲೆ ಬಂದವು. ಮಗು ಬೆರಳಿನಿಂದ ಚಿತ್ರಗಳನ್ನು ಸಾಲಾಗಿ ಇಡುತ್ತದೆ. ತಪ್ಪಿದರೆ ಚಿತ್ರ ಹಿಂದಕ್ಕೆ ಸರಿಯುತ್ತದೆ, ಯಾರೂ ಗದರುವುದಿಲ್ಲ.

ಆಪ್ ಆರಿಸುವಾಗ ಪೋಷಕರು ಗಮನಿಸಬೇಕಾದ ಅಂಶಗಳು:

1. ಎರಡು ಮೂರು ಚಿತ್ರಗಳಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸುವಂತಿರಬೇಕು.

2. ನಿಮ್ಮದೇ ಫೋಟೋ, ದನಿ ಸೇರಿಸುವಂತಿರಬೇಕು. ಕಾರ್ಟೂನಿನ ನಲ್ಲಿಗಿಂತ ಮನೆಯ ನಲ್ಲಿ ಬೇಗ ಅರ್ಥವಾಗುತ್ತದೆ. ‘ಈಗ ಕೈ ಒರೆಸಿಕೋ’ ಎಂದು ಅಮ್ಮನೇ ಕನ್ನಡದಲ್ಲಿ ಹೇಳಲಿ. ಊರಿನ ಅಜ್ಜಿ ಕಳುಹಿಸಿದ ದನಿಯೂ ಆದೀತು. ಎರಡು ಭಾಷೆಯಿಂದ ಮಗು ಇನ್ನಷ್ಟು ಹಿಂದೆ ಬೀಳುತ್ತದೆಂಬ ಭಯಕ್ಕೆ ಆಧಾರವಿಲ್ಲ.

3. ಸದ್ದುಗದ್ದಲ ಕಡಿಮೆ ಇರಲಿ. ತಪ್ಪಿದಾಗ ಬರುವ ತಮಾಷೆಯ ಸದ್ದಿಗಾಗಿಯೇ ಕೆಲವು ಮಕ್ಕಳು ಬೇಕೆಂದೇ ತಪ್ಪು ಮಾಡುತ್ತಾರೆ.

4. ಐಪ್ಯಾಡಿನ ‘ಗೈಡೆಡ್ ಆಕ್ಸೆಸ್’ ಸೌಲಭ್ಯ ಬಳಸಿದರೆ ಮಗು ಬೇರೆ ಆಟಕ್ಕೆ ಜಾರುವುದಿಲ್ಲ.

ಆದರೆ ಪರದೆಯ ಮೇಲೆ ಕೈ ತೊಳೆದರೆ ಕೈ ಶುಚಿಯಾಗುವುದಿಲ್ಲ! ಚಿತ್ರ ಜೋಡಿಸಿದ ಕೂಡಲೇ ಮಗುವನ್ನು ನಲ್ಲಿಯ ಬಳಿಗೆ ಕರೆದೊಯ್ಯಿರಿ. ಮೊದಮೊದಲು ಎಲ್ಲ ಹಂತಗಳಲ್ಲೂ ನೀವೇ ಕೈಹಿಡಿದು ಮಾಡಿಸಿ, ಕೊನೆಯ ಹಂತವನ್ನು ಮಾತ್ರ ಮಗುವಿಗೆ ಬಿಡಿ. ಅದು ಬಂದ ಮೇಲೆ ಕೊನೆಯ ಎರಡನ್ನು ಬಿಡಿ. ಹೀಗೆ ಹಿಂದಿನಿಂದ ಕಲಿತರೆ ಪ್ರತಿಸಲವೂ ಕೆಲಸ ಮುಗಿಸಿದ ಸಂತೋಷ ಮಗುವಿನದೇ ಆಗುತ್ತದೆ. ಆಪ್‌ಗೆ ದಿನಕ್ಕೆ ಹತ್ತು ನಿಮಿಷ ಸಾಕು, ಪಕ್ಕದಲ್ಲಿ ದೊಡ್ಡವರು ಇರಲೇಬೇಕು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಕುಳಿತು ಪರದೆ ನೋಡುವ ಸಮಯ ದಿನಕ್ಕೆ ಒಂದು ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ಬೆಳಗ್ಗೆ ಶಾಲಾ ಬಸ್ಸಿನ ಅವಸರದಲ್ಲಿ ಶೂ ನಾವೇ ಹಾಕಿಬಿಡುತ್ತೇವೆ, ಗುಂಡಿ ನಾವೇ ಹಾಕುತ್ತೇವೆ. ಅದು ಪ್ರೀತಿಯೇ. ಆದರೂ ಹದಿನೈದು ವರ್ಷದಲ್ಲಿ ಆ ಗುಂಡಿ ಹಾಕುವವರು ಯಾರು? ನಾಳೆಯಿಂದ ಹತ್ತು ನಿಮಿಷ ಬೇಗ ಏಳೋಣ. ಒಂದೇ ಒಂದು ಗುಂಡಿಯನ್ನು ಮಗುವಿಗೆ ಬಿಟ್ಟು, ಕಾಯೋಣ.