ಆಡಿದ ಮೇಲೆ ಎತ್ತಿಡುವವರಾರು?

ಚಿತ್ರದುರ್ಗದ ಕೋಟೆಯ ಕೆಳಗಿನ ಬೀದಿಯೊಂದರ ಮನೆಯಲ್ಲಿ ದೀಪ ಹಚ್ಚುವ ಹೊತ್ತು. ನಡುಮನೆಯ ನೆಲದ ಮೇಲೆ ನಾಲ್ಕು ವರ್ಷದ ಬಾಲಕನೊಬ್ಬ ಖಾಲಿ ಬೆಂಕಿಪೊಟ್ಟಣ, ಮರದ ತುಂಡು, ಮುರಿದ ಬಳಪಗಳನ್ನು ಕೂಡಿಸಿ ಏಳು ಸುತ್ತಿನ ಕೋಟೆ ಕಟ್ಟುತ್ತಿದ್ದಾನೆ. ಎದ್ದಿರುವುದು ಮೂರೇ ಸುತ್ತು. ಉಳಿದ ನಾಲ್ಕು ಅವನ ಮನಸ್ಸಿನಲ್ಲಿವೆ. ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದೆಂಬುದು ಆ ಮನೆಯ ನಿಯಮವಾದ್ದರಿಂದ ತಾಯಿಗೂ ಅವಸರ.

“ಎಷ್ಟು ಸಲ ಹೇಳಬೇಕೋ ನಿನಗೆ? ಎಲ್ಲ ಎತ್ತಿಡು!”

“ಇನ್ನೂ ಮುಗಿದಿಲ್ಲಮ್ಮಾ...”

ಹೈದರಾಲಿಗೆ 1779ರವರೆಗೆ ವಶವಾಗದಿದ್ದ ದುರ್ಗ ಪೊರಕೆಯ ಒಂದೇ ಏಟಿಗೆ ನೆಲಸಮವಾಗುತ್ತದೆ. ಆಮೇಲಿನ ಅಳು ಊಟದ ಹೊತ್ತಿನವರೆಗೂ ನಿಲ್ಲುವುದಿಲ್ಲ.

ಇದರಲ್ಲಿ ತಪ್ಪು ಯಾರದು? ತಾಯಿಯದೆಂದು ಸುಲಭವಾಗಿ ಹೇಳಿಬಿಡುವವರು ಬೆಳಗಿನಿಂದ ಮನೆಗೆಲಸ ಮಾಡಿದವರಲ್ಲ. ನೆಲದ ಮೇಲೆ ಬಿದ್ದ ಒಂದು ಗೋಲಿಯ ಮೇಲೆ ಅಜ್ಜಿ ಕಾಲಿಟ್ಟರೆ ಸೊಂಟವೇ ಮುರಿದೀತು. ಆದರೆ ದೊಡ್ಡವರ ಕಣ್ಣಿಗೆ ಕಸವಾಗಿ ಕಾಣುವುದು ಮಗುವಿಗೆ ಅರ್ಧಕ್ಕೆ ನಿಂತ ಕೆಲಸವೆಂಬುದೂ ಅಷ್ಟೇ ನಿಜ. ಅದಕ್ಕಿಂತ ದೊಡ್ಡ ಭ್ರಮೆಯೊಂದುಂಟು: ಎತ್ತಿಡುವುದೆಂದರೆ ಮಕ್ಕಳಿಗೆ ಸ್ವಭಾವತಃ ಬೇಸರವೆಂದು ನಾವು ನಂಬಿರುವುದು.

ಈ ನಂಬಿಕೆ ಸುಳ್ಳೆಂದು ಕಣ್ಣಾರೆ ಕಂಡು ಬರೆದಿಟ್ಟವರು ಇಟಲಿಯ ವೈದ್ಯೆ ಮರಿಯಾ ಮಾಂಟೆಸೊರಿ. 1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಅವರು ‘ಮಕ್ಕಳ ಮನೆ’ಯನ್ನು ತೆರೆದರು. ಮೊದಮೊದಲು ಅಲ್ಲಿಯ ಅಧ್ಯಾಪಿಕೆ ಸಾಮಗ್ರಿಗಳನ್ನು ತಾನೇ ಹಂಚಿ, ತಾನೇ ಕಪಾಟಿಗೆ ಹಿಂದಿರುಗಿಸುತ್ತಿದ್ದಳು. ಆ ಹೊತ್ತಿಗೆ ಮಕ್ಕಳು ಎದ್ದು ಬಂದು ಅವಳ ಸುತ್ತ ನಿಲ್ಲುವರು. ಹಿಂದಕ್ಕೆ ಕಳುಹಿಸಿದರೆ ಮತ್ತೆ ಬರುವರು. ಹೇಳಿದ ಮಾತು ಕೇಳದ ಮಕ್ಕಳೆಂದು ಅವಳು ಬಗೆದಳು. ಮಾಂಟೆಸೊರಿಯವರು ನಿಂತು ನೋಡಿದಾಗ ತಿಳಿದುದೇ ಬೇರೆ: ವಸ್ತುಗಳನ್ನು ಅವುಗಳ ಸ್ಥಳದಲ್ಲಿ ತಾವೇ ಇಡಬೇಕೆಂಬುದು ಆ ಮಕ್ಕಳ ಆಸೆ! ಇನ್ನೊಂದು ದಿನ ಕಪಾಟಿಗೆ ಬೀಗ ಹಾಕಲು ಮರೆತಿತ್ತು. ಅಧ್ಯಾಪಿಕೆ ಬಂದು ನೋಡುವಷ್ಟರಲ್ಲಿ ಮಕ್ಕಳು ತಮಗೆ ಬೇಕಾದುದನ್ನು ತೆಗೆದುಕೊಳ್ಳುತ್ತಿದ್ದರು. ಅವಳು ಅದನ್ನು ಕಳ್ಳತನವೆಂದಳು, ಮಾಂಟೆಸೊರಿಯವರು ಆಯ್ಕೆಯೆಂದರು. ಬೀಗದ ಕಪಾಟು ಹೋಗಿ, ಮಕ್ಕಳ ಕೈಗೆಟುಕುವ ತಗ್ಗಿನ ಕಪಾಟುಗಳು ಬಂದವು. ಅದೇ ಮಾಂಟೆಸೊರಿಯವರು 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಯುದ್ಧದ ವರ್ಷಗಳನ್ನು ಭಾರತದಲ್ಲಿಯೇ ಕಳೆದು, ಇಲ್ಲಿಯ ಶಿಕ್ಷಕರನ್ನು ತರಬೇತುಗೊಳಿಸಿದರು.

ನಮ್ಮ ಮನೆಗಳಲ್ಲಿ ‘ಎತ್ತಿಡು’ ಎಂಬ ಅಪ್ಪಣೆಯೇನೋ ಉಂಟು. ಎಲ್ಲಿ ಇಡಬೇಕೆಂಬುದಕ್ಕೆ ಉತ್ತರವಿಲ್ಲ. ಚನ್ನಪಟ್ಟಣದ ಬಣ್ಣದ ಬೊಂಬೆ ನೆಂಟರು ನೋಡಲೆಂದು ಷೋಕೇಸಿನ ಗಾಜಿನೊಳಗೆ; ಮಿಕ್ಕುದೆಲ್ಲ ಒಂದು ಗೋಣಿಚೀಲದೊಳಗೆ. ಕೈಗಾಡಿಯ ಚಕ್ರ ಬೇಕೆಂದರೆ ಚೀಲವನ್ನೇ ಸುರಿಯದೆ ಮಗುವಿಗೆ ಗತ್ಯಂತರವಿಲ್ಲ. ಅದರ ಬದಲು ಮಗುವಿನ ಎದೆಯೆತ್ತರಕ್ಕೆ ಒಂದು ಹಲಗೆ, ಗೋಲಿಗೆ ಒಂದು ಬಿಸ್ಕತ್ತಿನ ಡಬ್ಬಿ, ಬುಗುರಿಗೂ ಚಾಟಿಗೂ ಒಂದು ಮೊಳೆ ಸಾಕು. ಐದಾರು ಆಟಿಕೆಗಳು ಹೊರಗಿದ್ದು ಉಳಿದವು ಅಟ್ಟದ ಮೇಲಿರಲಿ. ತಿಂಗಳಿಗೊಮ್ಮೆ ಬದಲಾದರೆ ಹಳೆಯವೇ ಹೊಸವಾಗಿ ಕಾಣುತ್ತವೆ. ಎರಡು ವರ್ಷದ ಕೂಸಿಗೆ ಅಪ್ಪಣೆ ತಿಳಿಯದು, ಜೊತೆ ತಿಳಿಯುತ್ತದೆ. “ನೀನೊಂದು, ನಾನೊಂದು” ಎಂದು ತಾಯಿ ಕುಳಿತರೆ ಅದೂ ಒಂದು ಆಟವೇ.

ಅಳಗುಳಿ ಮಣೆಯನ್ನು ಮಾಡಿದ ನಮ್ಮ ಹಿರಿಯರಿಗೆ ಈ ಗುಟ್ಟು ತಿಳಿದಿರಬೇಕು. ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ. ಗುಳಿಗೆ ಐದು ಬೀಜವೆಂದರೆ ಎಪ್ಪತ್ತು. ಆಟ ಮುಗಿದ ಮೇಲೆ ಎಣಿಸಿ ಇಡದಿದ್ದರೆ ನಾಳೆ ಆಟವೇ ಇಲ್ಲ. ಮಡಚುವ ಮಣೆಯಾದರಂತೂ ಆಟಿಕೆಯೇ ಪೆಟ್ಟಿಗೆ!

ಹಿರಿಯೂರಿನಲ್ಲಾಗಲಿ ಬೇರೆಲ್ಲೇ ಆಗಲಿ, ದಸರೆಗೆ ಗೊಂಬೆ ಕೂರಿಸುವ ಮನೆಗಳನ್ನು ನೋಡಬೇಕು. ವಿಜಯದಶಮಿಯ ರಾತ್ರಿ ಒಂದು ಗೊಂಬೆಯನ್ನು ಮಲಗಿಸುವುದು ವಾಡಿಕೆ. ಮರುದಿನ ಹಳೆಯ ಸೀರೆಯ ತುಂಡಿನಲ್ಲಿ ರಾಜನನ್ನೂ ರಾಣಿಯನ್ನೂ ಸುತ್ತಿ ಟ್ರಂಕಿಗೆ ಇಳಿಸುವಾಗ, ವರ್ಷವೆಲ್ಲ ಮಾತು ಕೇಳದ ತುಂಟನೂ ಉಸಿರು ಬಿಗಿಹಿಡಿದು ಕೈನೀಡುತ್ತಾನೆ. ಅಲ್ಲಿ ಅವನನ್ನು ಯಾರೂ ಗದರಿಸಿಲ್ಲ; ನಂಬಿ ಕೈಗೆ ಕೊಟ್ಟಿದ್ದಾರೆ, ಅಷ್ಟೆ.

ಹೊಳಲ್ಕೆರೆ, ಹೊಸದುರ್ಗಗಳ ತೋಟದ ಮನೆಗಳಲ್ಲಿ ಕುಡುಗೋಲು ದಿನವೂ ಅದೇ ಗೂಟಕ್ಕೆ ಹೋಗುತ್ತದೆ. ಕತ್ತಲಲ್ಲಿ ತಡಕಿದರೆ ಕೈ ಕೊಯ್ಯುತ್ತದೆಂಬುದು ಅಲ್ಲಿಯ ಮಕ್ಕಳಿಗೂ ಗೊತ್ತು. ಪೇಟೆಯ ಮನೆಯಲ್ಲಿ ತಂದೆ ಓದಿದ ಪತ್ರಿಕೆಯ ಹಾಳೆಗಳನ್ನು ನಾಲ್ಕು ದಿಕ್ಕಿಗೆ ಚೆಲ್ಲಿ, ಅಂಗಿಯನ್ನು ಕುರ್ಚಿಗೆ ಎಸೆದು, ಮಗನಿಗೆ ಶಿಸ್ತಿನ ಉಪದೇಶ ಮಾಡುತ್ತಾನೆ. ಇನ್ನೂ ಕೆಲವು ಕಡೆ ಅಣ್ಣ ಹರಡಿದ್ದನ್ನು ಎತ್ತುವ ಭಾರ ತಂಗಿಯದು. “ಅವನು ಗಂಡುಹುಡುಗ, ಬಿಡಮ್ಮ” ಎನ್ನುವ ಅಜ್ಜಿ ಇಬ್ಬರಿಗೂ ಅನ್ಯಾಯ ಮಾಡುತ್ತಿದ್ದಾಳೆ. ಇಪ್ಪತ್ತು ವರ್ಷಗಳ ನಂತರ ಅದರ ಫಲವನ್ನುಣ್ಣುವವಳು ಮನೆಗೆ ಬರುವ ಸೊಸೆ.

ಮತ್ತೆ ಆ ಕೋಟೆ. ಪೊರಕೆ ಬರುವುದಕ್ಕೆ ಸ್ವಲ್ಪ ಮುಂಚೆ ತಾಯಿ ಬಂದು, “ಇನ್ನೊಂದು ಸುತ್ತು ಕಟ್ಟಿ ನಿಲ್ಲಿಸಪ್ಪ, ಗುಡಿಸಬೇಕು” ಎಂದಿದ್ದರೆ? ಕೋಟೆಯನ್ನು ನೆಲದ ಬದಲು ಹಳೆಯ ಹಲಗೆಯೊಂದರ ಮೇಲೆ ಕಟ್ಟಿಸಿದ್ದರೆ? ಹಲಗೆಯ ಸಮೇತ ದುರ್ಗವನ್ನು ಮಂಚದಡಿಗೆ ಮೆಲ್ಲಗೆ ಸರಿಸಬಹುದು. ಉಳಿದ ಬೆಂಕಿಪೊಟ್ಟಣಗಳನ್ನು ಅವನೇ ಎಣಿಸಿ ಡಬ್ಬಿಗೆ ಹಾಕುತ್ತಾನೆ: ನಾಳೆಯ ಮೂರು ಸುತ್ತಿಗೆ ಅವು ಬೇಕಲ್ಲ!