ಹೊಟ್ಟೆ ಕ್ಯಾನ್ಸರ್: ವಂಶದ ಪಾಲೆಷ್ಟು, ಕ್ರಿಮಿಯ ಪಾಲೆಷ್ಟು?

ಗೊರೆಹಬ್ಬಕ್ಕೆ ಹೆಸರಾದ ಗಡಿಯೂರು ಗುಮಟಾಪುರದ ರೈತರಿಗೆ ತಳಿ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ತಾಳವಾಡಿ ಸೀಮೆಯ ಆಲೂಗಡ್ಡೆಗೆ ಅಂಗಮಾರಿ ಬಿದ್ದರೆ ಒಂದು ತಳಿ ಮಲಗಿಬಿಡುತ್ತದೆ, ಇನ್ನೊಂದು ಹೇಗೋ ತಡೆದುಕೊಳ್ಳುತ್ತದೆ. ಮಣ್ಣು ಅದೇ, ಮಳೆ ಅದೇ, ರೋಗವೂ ಅದೇ. ಹೊಟ್ಟೆ ಕ್ಯಾನ್ಸರ್ ಕಥೆಯೂ ಹೆಚ್ಚುಕಮ್ಮಿ ಹೀಗೇ.

ಕ್ರಿಮಿಯ ಪಾಲು

ಹೊಟ್ಟೆ ಹುಣ್ಣಾದರೆ ಖಾರ, ಚಿಂತೆ ಎನ್ನುತ್ತಿದ್ದ ಕಾಲವೊಂದಿತ್ತು. 1982ರಲ್ಲಿ ಆಸ್ಟ್ರೇಲಿಯಾದ ವೈದ್ಯರಾದ ಬ್ಯಾರಿ ಮಾರ್ಷಲ್, ರಾಬಿನ್ ವಾರನ್ ಜಠರದಲ್ಲಿ ಮನೆ ಮಾಡುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ಪತ್ತೆ ಮಾಡಿದರು. 2005ರಲ್ಲಿ ಅವರಿಗೆ ನೊಬೆಲ್ ಬಂತು. ಅದಕ್ಕೂ ಮುಂಚೆ, 1994ರಲ್ಲೇ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಕ್ರಿಮಿ ಕ್ಯಾನ್ಸರ್‌ಕಾರಕ ಎಂದು ಸಾರಿತ್ತು. ನಮ್ಮ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಹೊಟ್ಟೆಯಲ್ಲಿ ಇದು ಉಂಟು. ಕ್ಯಾನ್ಸರ್ ಬರುವುದು ಮಾತ್ರ ಕೆಲವರಿಗೆ. ಯಾಕೆ?

ವಂಶದ ಪಾಲು

1998ರಲ್ಲಿ ನ್ಯೂಜಿಲೆಂಡಿನ ಮಾವೊರಿ ಮನೆತನವೊಂದರಲ್ಲಿ ತಲೆಮಾರುಗಳಿಂದ ಕಾಡುತ್ತಿದ್ದ ಹೊಟ್ಟೆ ಕ್ಯಾನ್ಸರಿಗೆ ಸಿಡಿಎಚ್1 ಎಂಬ ಒಂದೇ ಜೀನಿನ ದೋಷ ಕಾರಣವೆಂದು ಗೊತ್ತಾಯಿತು. ಇಂಥ ಮನೆತನಗಳು ಬಲು ವಿರಳ. 2023ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನ ಇನ್ನೂ ದೊಡ್ಡ ಪಾಠ ಹೇಳಿತು. ಕ್ರಿಮಿ ಮಾತ್ರ ಇದ್ದವರಲ್ಲಿ 85 ವರ್ಷದೊಳಗೆ ನೂರಕ್ಕೆ ಸುಮಾರು 14 ಮಂದಿಗೆ ಈ ಕ್ಯಾನ್ಸರ್. ಕ್ರಿಮಿಯ ಜೊತೆಗೆ ಬಿಆರ್‌ಸಿಎ2ನಂಥ ಜೀನಿನ ದೋಷವೂ ಸೇರಿದರೆ ಸುಮಾರು 45 ಮಂದಿಗೆ. ಜಪಾನಿನಲ್ಲಿ ಈ ರೋಗವೇ ಜಾಸ್ತಿ, ಆ ಲೆಕ್ಕ ನಮಗೆ ಹಾಗೇ ಹೊಂದದು. ಆದರೆ ಕ್ರಿಮಿ ಇಲ್ಲದವರಲ್ಲಿ ಜೀನು ಕೆಟ್ಟಿದ್ದರೂ ಅಪಾಯ ಕಡಿಮೆಯೇ ಇತ್ತು ಎಂಬುದನ್ನು ಮರೆಯಬಾರದು.

ನಮ್ಮ ಕೈಲಿರುವುದು

'ನಮ್ಮಪ್ಪನಿಗೂ ಇದೇ ಆಗಿತ್ತು, ನಮಗೂ ಬಂದೇ ಬತ್ತದೆ' ಎಂದು ಕೈಚೆಲ್ಲುವವರುಂಟು. ಹೆತ್ತವರಿಗೋ ಒಡಹುಟ್ಟಿದವರಿಗೋ ಇದ್ದರೆ ಅಪಾಯ ಎರಡು ಮೂರು ಪಟ್ಟು ಹೆಚ್ಚು, ನಿಜ. ಆದರೆ ಅದೆಲ್ಲ ರಕ್ತದ ಪಾಲಲ್ಲ. ಈ ಕ್ರಿಮಿ ಚಿಕ್ಕಂದಿನಲ್ಲೇ ಮನೆಯೊಳಗೆ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಜೀನು ಬದಲಿಸಲಾಗದು, ಕ್ರಿಮಿಯನ್ನು ಕೊಲ್ಲಬಹುದು. ಉಸಿರು ಇಲ್ಲವೇ ಮಲದ ಪರೀಕ್ಷೆ, ಆಮೇಲೆ ವೈದ್ಯರು ಬರೆದ ಎರಡು ವಾರದ ಮಾತ್ರೆ. ಅರ್ಧಕ್ಕೆ ಬಿಡಬಾರದು, ಅಷ್ಟೆ. ಬೀಡಿ, ಹೊಗೆಸೊಪ್ಪು ಬಿಡುವುದು, ಉಪ್ಪಿನಕಾಯಿ, ಕರುವಾಡು ಕಡಿಮೆ ಮಾಡುವುದು ನಮಗೆ ಬಿಟ್ಟದ್ದು.

ತೂಕ ಇಳಿಯುತ್ತಿದೆ, ಮಲ ಕಪ್ಪಗಾಗುತ್ತಿದೆ, ವಾಂತಿ ನಿಲ್ಲುತ್ತಿಲ್ಲ ಎಂದರೆ ಮೆಡಿಕಲ್ ಶಾಪಿನ ಗ್ಯಾಸ್ಟ್ರಿಕ್ ಮಾತ್ರೆ ನಂಬಿ ದಿನ ದೂಡಬೇಡಿ. ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಹೋಗಿ, ಇಲ್ಲವೇ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲದ ಕಡೆಗೆ ಹೋಗಿ. ಕನ್ನಡವೋ ತಮಿಳೋ, ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತು ಒಂದೇ: 'ನಮ್ಮ ಮನೇಲಿ ಇಂಥವರಿಗೆ ಹೊಟ್ಟೆ ಕ್ಯಾನ್ಸರ್ ಇತ್ತು.'