ಹಳೇ ಪಿಕಪ್ಪಿನ ಹೊಗೆ ಏನು ಹೇಳುತ್ತೆ?

ತೋಟಗಾರಿಕೆ ಓದುವಾಗ ನಮಗೆ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: ಎಲೆ ಹಳದಿಯಾದ ಕೂಡಲೇ ಗೊಬ್ಬರದ ಚೀಲಕ್ಕೆ ಕೈ ಹಾಕಬೇಡಿ. ಕೆಳಗಿನ ಹಳೇ ಎಲೆ ಹಳದಿಯಾಗಿದ್ದರೆ ಸಾರಜನಕದ ಕೊರತೆ ಇರಬಹುದು, ಚಿಗುರೆಲೆಯಾದರೆ ಕಬ್ಬಿಣದ್ದು. ಹಳೇ ಡೀಸೆಲ್ ಪಿಕಪ್ ಇಟ್ಟುಕೊಂಡವರಿಗೂ ಇದೇ ಪಾಠ. ಗಾಡಿ ಲಕ್ಷಣ ತೋರಿಸುತ್ತೆ, ನಮಗೆ ಓದೋಕೆ ಬರಬೇಕು.

ನಾನು ಸೊಪ್ಪು, ಟೊಮೆಟೊ ಬೆಳೆಯೋನು. ಬೆಳಗಿನ ಜಾವ ಗಾಡಿ ದಾರೀಲಿ ನಿಂತರೆ ಕೊತ್ತಂಬರಿ ಕಾಯೋದಿಲ್ಲ. ಬಿಸಿಲೇರುವ ಹೊತ್ತಿಗೆ ಕಟ್ಟು ಬಾಡಿ, ಕೇಳಿದ ರೇಟಿಗೆ ಕೊಟ್ಟು ಬರಬೇಕಾಗುತ್ತೆ. ಎಷ್ಟೋ ಸಲ ರಿಪೇರಿ ಖರ್ಚಿಗಿಂತ ಈ ನಷ್ಟವೇ ದೊಡ್ಡದು.

ಮೊದಲು ಸೈಲೆನ್ಸರ್ ಕಡೆ ನೋಡಿ. ಕಪ್ಪು ಹೊಗೆ ಅಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ ಅಂತ ಅರ್ಥ. ಏರ್ ಫಿಲ್ಟರ್ ಕಟ್ಟಿರಬಹುದು, ಇಲ್ಲಾ ಇಂಜೆಕ್ಟರ್ ಕೆಟ್ಟಿರಬಹುದು. ಕಳೆದ ಬೇಸಿಗೆಯಲ್ಲಿ ಪಕ್ಕದ ತೋಟದ ಯಜಮಾನರ ಗಾಡಿ ಲೋಡ್ ಹಾಕಿದರೆ ದಿಬ್ಬ ಹತ್ತದೆ ಕಪ್ಪು ಹೊಗೆ ಕಾರುತ್ತಿತ್ತು. ಯಾವುದೋ ಗ್ಯಾರೇಜಿನಲ್ಲಿ "ಎಂಜಿನ್ ಬಿಚ್ಚಬೇಕು, ಬೋರ್ ಕೆಲಸ ಇದೆ" ಅಂದಿದ್ದರಂತೆ. ಅವರು ಹಸು ಮಾರುವ ಲೆಕ್ಕಾಚಾರದಲ್ಲಿದ್ದರು. "ಯಜಮಾನ್ರೇ, ಸ್ವಲ್ಪ ತಡೀರಿ, ಫಿಲ್ಟರ್ ತೆಗೆದು ನೋಡೋಣ" ಅಂದೆ. ಮಡಿಕೆ ಮಡಿಕೆಯಲ್ಲೂ ಕೆಂಪು ಧೂಳು ಗಟ್ಟಿಯಾಗಿ ಕೂತಿತ್ತು. ಹೊಸ ಫಿಲ್ಟರ್ ಹಾಕಿದ ಮೇಲೆ ಗಾಡಿ ಅದೇ ದಿಬ್ಬವನ್ನ ಅದೇ ಲೋಡಿನಲ್ಲಿ ಹತ್ತಿತು. ಹಸು ಕೊಟ್ಟಿಗೆಯಲ್ಲೇ ಇದೆ. ಮಣ್ಣು ರಸ್ತೆಯಲ್ಲಿ ಓಡುವ ಗಾಡಿಗೆ ಕಂಪನಿ ಪುಸ್ತಕದ ಕಿಲೋಮೀಟರ್ ಲೆಕ್ಕ ಸಾಲದು, ಆಗಾಗ ಬಿಚ್ಚಿ ನೋಡಿ. ಗಾಳಿ ಹೊಡೆದು ಶುಚಿ ಮಾಡೋದಾದರೆ ಒಳಗಿನಿಂದ ಹೊರಕ್ಕೆ, ಕಡಿಮೆ ಒತ್ತಡದಲ್ಲಿ ಹೊಡೀರಿ.

ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದೇ ತಿಳಿಯಿರಿ. ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರುತ್ತೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ನೋಡುತ್ತಾ ಸ್ವಲ್ಪ ದಿನ ಓಡಿಸಬಹುದು. ಚಳಿಗಾಲದ ಬೆಳಿಗ್ಗೆ ಒಂದೆರಡು ನಿಮಿಷ ಬರುವ ಬಿಳಿ ಹೊಗೆಗೆ ಹೆದರಬೇಡಿ. ಬಿಸಿಯಾದ ಮೇಲೂ ನಿಲ್ಲದೆ, ಕೂಲಂಟ್ ಕೂಡ ಕಮ್ಮಿಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಅನುಮಾನ. ಆಯಿಲ್ ಹಾಲು ಬೆರೆಸಿದ ಕಾಫಿ ಥರ ಕಂಡರೆ ಗಾಡಿ ಸ್ಟಾರ್ಟ್ ಮಾಡಲೇಬೇಡಿ, ಎಳೆಸಿಕೊಂಡು ಹೋಗಿ.

ಸ್ಟಾರ್ಟ್ ಆಗದಿದ್ದರೆ ಕಿವಿಗೊಟ್ಟು ಕೇಳಿ. ಬರೀ ಟಕ್ ಟಕ್ ಸದ್ದು, ಲೈಟೂ ಮಂಕು ಅಂದರೆ ಮೊದಲ ಅನುಮಾನ ಬ್ಯಾಟರಿ ಮೇಲೆ. ಟರ್ಮಿನಲ್ ಮೇಲಿನ ಪುಡಿಯನ್ನ ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ತೊಳೆದು, ಒರೆಸಿ, ಬಿಗಿ ಮಾಡಿ. ಡ್ರಿಪ್ ಮೋಟಾರಿಗೆ ಅಂತ ಮನೇಲಿ ಮಲ್ಟಿಮೀಟರ್ ಇದ್ದರೆ ಹಿಡಿದು ನೋಡಿ: ಚಾರ್ಜ್ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ 14ರ ಆಸುಪಾಸು ಇರಬೇಕು. ಓಡುವಾಗಲೂ ಏರದಿದ್ದರೆ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ನೋಡಿಸಿ. ಹೊಸ ಬ್ಯಾಟರಿ ತಂದರೆ ಅದೂ ಇಳಿಯುತ್ತೆ.

ಸೆಲ್ಫ್ ಜೋರಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಡೀಸೆಲ್ ತಲುಪುತ್ತಿಲ್ಲವೇನೋ. ಫಿಲ್ಟರ್ ಅಡಿಯ ಡ್ರೈನ್‌ನಿಂದ ನೀರು ಬಿಡಿ. ಏರ್ ಲಾಕ್ ಆಗಿದ್ದರೆ ಹ್ಯಾಂಡ್ ಪಂಪ್ ಒತ್ತಿ, ಗುಳ್ಳೆ ನಿಲ್ಲುವವರೆಗೂ ಗಾಳಿ ಹೊರಗೆ ಬಿಡಿ. ಕಾಮನ್ ರೈಲ್ ಗಾಡಿಯಾದರೆ ಇಂಜೆಕ್ಟರ್ ಪೈಪ್ ಮಾತ್ರ ಮುಟ್ಟಬೇಡಿ. ಅಲ್ಲಿನ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ.

ಹೀಟ್ ಮುಳ್ಳು ಏರಿದರೆ ಗಾಡಿ ನಿಲ್ಲಿಸಿ, ಪೂರ್ತಿ ತಣ್ಣಗಾಗುವವರೆಗೆ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಆಮೇಲೆ ಬೆಲ್ಟ್, ಹೋಸ್, ರೇಡಿಯೇಟರ್ ಸಂದಿಯ ಹೊಟ್ಟು ನೋಡಿ. ಬೋರ್‌ವೆಲ್ ನೀರು ತುಂಬಿಸುವ ಅಭ್ಯಾಸ ನಮ್ಮ ಕಡೆ ಜಾಸ್ತಿ. ಡ್ರಿಪ್ಪರ್ ಕಟ್ಟಿಸುವ ಅದೇ ಉಪ್ಪು ರೇಡಿಯೇಟರಿನಲ್ಲೂ ಕಟ್ಟುತ್ತೆ.

ಬ್ರೇಕ್ ವಿಷಯದಲ್ಲಿ ಕಾಯಬೇಡಿ. ಪೆಡಲ್ ಸ್ಪಂಜಿನಂತಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ. ಒತ್ತಿ ಹಿಡಿದಾಗ ನಿಧಾನಕ್ಕೆ ಕೆಳಗಿಳಿದರೆ ಮಾಸ್ಟರ್ ಸಿಲಿಂಡರ್ ಕೆಟ್ಟಿರಬಹುದು, ಇಲ್ಲಾ ಎಲ್ಲೋ ಸೋರುತ್ತಿರಬಹುದು. ಯಾವುದೇ ಆದರೂ ಅವತ್ತು ಬಾಡಿಗೆ ಗಾಡಿ ಕರೆಸಿ ಮಾಲು ಕಳಿಸಿ, ಮೆಕ್ಯಾನಿಕ್ಕನ್ನ ತೋಟಕ್ಕೇ ಬರಹೇಳಿ.